ಕಾಲು ಹಿಡಿದ ನೆಲ

ಹನ್ನೊಂದನೆಯ ದಿನ ಉಪ್ಪಳದಿಂದ ಫೋನು:
"ಬಾ ಮಾರಾಯ, ನಿನ್ನ ನೆಲ
ಬಂದವರ ಕಾಲು ಹಿಡಿಯುತ್ತಾ ಉಂಟು."

ಹೋದೆ. ಮರದ ಮೆಟ್ಟಿಲ ಕೊನೆಗೆ ಉಮ್ಮಾಲಿಯುಮ್ಮ,
ಒಂದು ಚಪ್ಪಲಿ ಕಾಲಲ್ಲಿ,
ಇನ್ನೊಂದು ಮಾಳಿಗೆ ನಡುವೆ, ನೆಟ್ಟ ಹಾಗೆ.
ಹೊಲಿಗೆ ಮಿಷನಿನ ಕಾಲಡಿ ಪೇಪರಿನ ತುಂಡು;
ಕಿತ್ತರೆ ಹಲಗೆಯ ಮೇಲೆ ಹಿಂದುಮುಂದಾದ ಅಕ್ಷರ,
ಕನ್ನಡವೋ ಮಲಯಾಳವೋ ತಿಳಿಯದ ಹಾಗೆ.

ತಪ್ಪಾಯಿತೆಂದು ಕಾಲು ಹಿಡಿಯಲು ಹೋದವನು ನಾನು.
ನನಗಿಂತ ಮೊದಲೇ
ನೆಲ ಆ ಕೆಲಸ ಮಾಡಿತ್ತು.

ಉಪ್ಪುಗಾಳಿ ಎಂದೆ. ಡಬ್ಬದ ತಾರೀಕು ಎಂದೆ.
ಎರಡನೇ ಕೋಟು ಅವಸರವಾಯಿತೇನೋ,
ಕಿಟಕಿ ಮುಚ್ಚಿಟ್ಟಿದ್ದಿರಾ, ಎಂದೆ.
ಅವರು ನೂಲಿನ ತುದಿ ತುಟಿಯಲ್ಲಿ ಒದ್ದೆ ಮಾಡುತ್ತ
ಸೂಜಿಯ ಕಣ್ಣನ್ನೇ ನೋಡುತ್ತಿದ್ದರು.

ಒಡೆದ ಗಾಜಿನ ಅಂಚಿನಿಂದ ಕೆರೆದೆ.
ಪುಡಿ ಏಳಲಿಲ್ಲ. ಸುರುಳಿ ಸುರುಳಿ ಅಂಟು,
ಅದರಡಿ ಕಪ್ಪು.
ಮೂಸಿದರೆ ಗೇರುಬೀಜ ಸುಟ್ಟ ವಾಸನೆ; ಬೆರಳು ಚುರುಚುರು.

"ಗೇರೆಣ್ಣೆ ತಿಕ್ಕಿದ್ದು ಯಾರು ಇದಕ್ಕೆ?"
"ಅವರು. ದೋಣಿಗೆ ಹಚ್ಚಿ ಉಳಿದದ್ದು, ವರ್ಷವೂ,
ಗೆದ್ದಲು ಹಿಡಿಯಬಾರದೆಂದು. ಮೂವತ್ತೆರಡು ವರ್ಷ."
"ಹೇಳಲಿಲ್ಲವಲ್ಲ ನೀವು."
"ಕೇಳಲಿಲ್ಲವಲ್ಲ ನೀನು. ಬಣ್ಣದ ಕಾರ್ಡು ತೋರಿಸಿದೆ,
ಚದರಡಿ ಲೆಕ್ಕ ಹೇಳಿದೆ."

ಮೂರು ದಿನ ಮೊಣಕಾಲಲ್ಲಿ.
ಗಾಜು, ತಿನ್ನರು, ಬನಿಯನ್ ಬಟ್ಟೆ, ಮತ್ತೆ ಗಾಜು.
ಹೆಬ್ಬಲಸಿನ ಹಲಗೆ
ಒರೆಸಿದಷ್ಟೂ ಒಳಗಿನಿಂದ ಎಣ್ಣೆ ಬೆವರುತ್ತಿತ್ತು.
ಎಷ್ಟು ತಿಕ್ಕಿದ್ದಾನೋ ಪುಣ್ಯಾತ್ಮ!
ಸಂಜೆ ಅಂಗೈ ಸುಲಿದು ಉರಿಯುವಾಗ
ಉಮ್ಮಾಲಿಯುಮ್ಮ ತೆಂಗಿನೆಣ್ಣೆ ತಂದಿಟ್ಟು
"ಅವರ ಕೈಯೂ ಹೀಗೇ" ಎಂದರು. ಅಷ್ಟೆ.

ನಾಲ್ಕನೆಯ ದಿನ ಸ್ಪಿರಿಟ್ಟಿನಲ್ಲಿ ಕರಗಿದ ಅರಗು,
ಈರುಳ್ಳಿ ಪೊರೆಯಷ್ಟು ತೆಳ್ಳಗೆ, ಒಂದೇ ಎಳೆತ.
ಅರಗು ಎಣ್ಣೆಯೊಡನೆ ಜಗಳಕ್ಕೆ ನಿಲ್ಲುವುದಿಲ್ಲ,
ಬಾಗಿಲು ಹಾಕಿ ಮೇಲೆ ಕೂರುತ್ತದೆ.
ಆಮೇಲೆ ವಾರ್ನಿಷು. ಈ ಸಲ
ಕೋಟಿಗೂ ಕೋಟಿಗೂ ನಡುವೆ ಎರಡು ಇಡೀ ದಿನ,
ಮಂಗಳೂರು ಗಾಡಿಗಳನ್ನು ಎಣಿಸುತ್ತ ಕೆಳಗೆ ಕೂತೆ.

ಕೊನೆಯ ಕೋಟಿಗೆ ಮೊದಲು ಅವರು ಮೇಲೆ ಬಂದು
ಮಿಷನಿನ ಪೆಡಲಿನಡಿ ಒಂದಿಷ್ಟು ಜಾಗ ತೋರಿಸಿ,
"ಇಷ್ಟನ್ನು ಕೆರೆದು ಹಾಗೇ ಬಿಡು.
ಅರಗೂ ಬೇಡ, ಯಾವುದೂ ಬೇಡ."
"ಬಣ್ಣ ಬೇರೆ ಕಾಣುತ್ತದಲ್ಲ," ಎಂದೆ.
"ಕಾಣಲಿ."

ಬಿಟ್ಟೆ.
ಬಿಲ್ಲಿನಲ್ಲಿ ಎರಡು ಚದರಡಿ ಕಳೆದೆ.