ಸರದಿ

ಈ ತಿಂಗಳು ನನ್ನ ಸರದಿ.
ಆರು ಹಳದಿ ಕಾರ್ಡು, ಆರು ಖಾಲಿ ಡಬ್ಬಿ
ಕಾಪುಲಾನದ ಅಂಚಿಗೆ ಗಂಟು ಹಾಕಿಕೊಂಡು
ಕೋಳಿ ಕೂಗುವ ಮೊದಲೇ ಮನೆ ಬಿಟ್ಟೆ.
ಮೊಆಟೀಜ್ ಕಡೆಯ ಕಲ್ಲಿದ್ದಲ ಲಾರಿಗಳು
ಧೂಳೆಬ್ಬಿಸಿ ಧೂಳೆಬ್ಬಿಸಿ
ಬೆಳಗಾಗುವುದನ್ನೇ ತಡಮಾಡಿದವು.

ಮೊದಲೆಲ್ಲ ಒಬ್ಬೊಬ್ಬರೇ ನಡೆಯುತ್ತಿದ್ದೆವು.
ಅದೇ ದಾರಿ, ಅದೇ ಆಸ್ಪತ್ರೆ.
ಎದುರಿಗೆ ಊರವರು ಕಂಡರೆ
ಬಾವೊಬಾಬ್ ಮರದ ಹಿಂದೆ ಸರಿದು ನಿಲ್ಲುವುದು.
ಮನೆಯಷ್ಟು ದಪ್ಪದ ಮರ,
ಒಂದು ಗುಟ್ಟಿಗೆ ಧಾರಾಳ ಸಾಕು.
ಒಂದು ದಿನ ಅದರ ಹಿಂದೆ ಜೆಫನಿಯಾಸ್ ಆಗಲೇ ನಿಂತಿದ್ದ.
ಅವನ ಕೈಯಲ್ಲೂ ಹಳದಿ ಕಾರ್ಡು.
ಕಾಲು ಗಂಟೆ ಇಬ್ಬರೂ ಮಳೆಯ ಮಾತಾಡಿದೆವು.
ಆಮೇಲೆ ಯಾರು ಮೊದಲು ನಕ್ಕರೋ,
ಹೊಟ್ಟೆ ಹಿಡಿದುಕೊಂಡು ಬೇರಿನ ಮೇಲೆ ಕುಸಿದು ಕೂತೆವು.

ನರ್ಸ್ ಒಡೆಟ್ ಹೇಳಿದಳು: ಆರು ಜನ ಕೂಡಿಕೊಳ್ಳಿ,
ತಿಂಗಳಿಗೊಬ್ಬರು ಬನ್ನಿ, ಎಲ್ಲರದ್ದೂ ಕೊಟ್ಟು ಕಳಿಸುತ್ತೇನೆ.
ಬಂದವರ ರಕ್ತ ನೋಡುತ್ತೇನೆ, ಉಳಿದವರು ಹೊಲಕ್ಕೆ ಹೋಗಲಿ.
ಆರು ಜನರಾಗುವುದಕ್ಕೆ ಒಂದು ವರ್ಷ ಹಿಡಿಯಿತು.
ಕೊನೆಗೆ ಶಾಲೆಯ ಮೇಷ್ಟ್ರು ಅನಾಕ್ಲೆಟೊ
ಒಂದು ರಾತ್ರಿ ದೀಪವಿಲ್ಲದೆ ಬಂದು
ಬಾಗಿಲಲ್ಲೇ ನಿಂತು, ಹಾಜರಿ ಕೂಗಿದವರಿಗೆ ಓಗೊಡುವಂತೆ,
'ಆರನೆಯವನು ನಾನು' ಅಂದರು.

(ನನ್ನ ಅಕ್ಕ ಬೆನ್ವಿಂಡಾ
ಗುಳಿಗೆ ನಮ್ಮ ದಾರಿಗೆ ಬರುವ ಮೊದಲೇ ಹೋದಳು.
ಅವಳಿಗೆ ಸರದಿ ಅಂತ ಒಂದು ಇರಲೇ ಇಲ್ಲ.)

ಈಗ ಫ್ಲೋರಿಂಡಾಳ ಅಂಗಳದಲ್ಲಿ ಚಾಪೆ ಹಾಸಿ
ಉಳಿದ ಗುಳಿಗೆ ಸುರಿದು ಎಣಿಸುತ್ತೇವೆ,
ಕಾಳಿನಲ್ಲಿ ಕಲ್ಲು ಆರಿಸುವವರ ಹಾಗೆ.
ಎರಡು ಉಳಿಯಬೇಕು.
ಎರಡೇ ಉಳಿದರೆ ಮಾತು ಬೇರೆ ಕಡೆ ಹೋಗುತ್ತದೆ,
ಮೇಕೆಯ ಬೆಲೆಗೆ, ಯಾರದೋ ಮದುವೆಗೆ.
ಕಳೆದ ತಿಂಗಳು ಫೌಸ್ಟಿನೊನ ಡಬ್ಬಿಯಿಂದ
ಹದಿನೇಳು ಬಿದ್ದವು.

ಗಣಿಯಲ್ಲಿ ರಾತ್ರಿ ಪಾಳಿ. ಒಂದೇ ಕೋಣೆಯಲ್ಲಿ ಎಂಟು ಗಂಡಸರು.
ಜೇಬಿನಲ್ಲಿ ಡಬ್ಬಿ ಗಿಲಕ್ ಗಿಲಕ್ ಅನ್ನುತ್ತದೆ, ಅಂದ,
ಮಗುವಿನ ಗಿಲಕಿಯ ಹಾಗೆ. ಏನದು ಅಂತ ಕೇಳುತ್ತಾರೆ.
ಬೈಗುಳಕ್ಕೆ ಬಾಯಿ ತೆರೆದಿದ್ದೆ ನಾನು.
ಫ್ಲೋರಿಂಡಾ ಎದ್ದು ಒಳಗೆ ಹೋದಳು,
ತನ್ನ ದಿಂಬಿನ ಹೊಲಿಗೆ ಹರಿದು ಒಂದು ಹಿಡಿ ಹತ್ತಿ ತಂದಳು,
ಡಬ್ಬಿಗೆ ತುರುಕಿದಳು, ಕಿವಿಗೆ ಹಿಡಿದು ಅಲ್ಲಾಡಿಸಿದಳು.
'ಇದು ಸುಮ್ಮನಾಯಿತು.
ನೀನೂ ಸುಮ್ಮನೆ ನುಂಗು.'

ಆಸ್ಪತ್ರೆಯ ಬೆಂಚಿನಲ್ಲಿ ಮಧ್ಯಾಹ್ನದವರೆಗೆ ಕೂತಿದ್ದೆ.
ನನ್ನ ರಕ್ತ ಎಳೆದುಕೊಂಡರು, ಆರು ಡಬ್ಬಿ ತುಂಬಿದವು.
ಏಳುವಾಗ ಒಡೆಟ್ ಕಡತದಿಂದ ಒಂದು ಕಾಗದ ತೆಗೆದು ನೋಡಿ
ಮತ್ತೆ ಒಳಗಿಟ್ಟಳು.
'ಸೆಲೆಸ್ಟಿನಾಗೆ ಬರಹೇಳು. ಮಗಳನ್ನೂ ಕರೆತರಲಿ.'
ಹದಿನೆಂಟು ತಿಂಗಳ ಮಗು. ಕೊನೆಯ ಪರೀಕ್ಷೆ.
ಕೇಳಲಿಲ್ಲ ನಾನು. ಕೇಳಿದರೂ ಹೇಳುವವಳಲ್ಲ,
ಅದು ತಾಯಿಯ ಕಿವಿಗೆ ಹೋಗಬೇಕಾದ ಮಾತು.

ವಾಪಸು ದಾರಿಯುದ್ದಕ್ಕೂ ಆರು ಡಬ್ಬಿಗಳಿಗಿಂತ
ಆ ಒಂದು ಕಾಗದವೇ ಭಾರ,
ನನ್ನ ಬಳಿ ಇಲ್ಲದ ಕಾಗದ.
ಬಾವೊಬಾಬ್ ಮರ ಬಂತು. ನಿಲ್ಲಲಿಲ್ಲ.
ಎದುರಿಗೆ ಯಾರೋ ಸೈಕಲ್ಲಿನಲ್ಲಿ ಬಂದು ನೋಡಿದರು,
ನೋಡಲಿ.

ಅಂಗಳದಲ್ಲಿ ಐವರೂ ಕೂತಿದ್ದರು,
ತಣಿದ ಮೆಕ್ಕೆಜೋಳದ ಮುದ್ದೆ ನನಗೆಂದು ಮುಚ್ಚಿಟ್ಟು.
ಹಂಚಿದೆ. ಸೆಲೆಸ್ಟಿನಾ ಡಬ್ಬಿ ಈಸಿಕೊಳ್ಳದೆ
ನನ್ನ ಮುಖವನ್ನೇ ನೋಡಿದಳು.
'ಏನಂದಳು?'
'ಬರಹೇಳಿದ್ದಾಳೆ.'
'ಮತ್ತೆ?'
'ಮತ್ತೇನಿಲ್ಲ. ಆ ಕಾಗದ ಒಳಗಿಡುವಾಗ
ಏನೋ ಗುನುಗುತ್ತಿದ್ದಳು.'

ಗುನುಗುತ್ತಿದ್ದಳಾ, ಅಂದರು ಮೇಷ್ಟ್ರು.
ಯಾವ ರಾಗ, ಅಂದ ಜೆಫನಿಯಾಸ್.
ನನಗೆ ರಾಗ ಬಾರದು; ಆದರೂ
ನೆನಪಿದ್ದಷ್ಟು ಗುನುಗಿ ತೋರಿಸಿದೆ.
ಆರೂ ಜನ ಉಸಿರು ಹಿಡಿದು ಅದರೊಳಗೆ ಹುಡುಕಿದೆವು.
ಮಗು ಮಾತ್ರ ಫೌಸ್ಟಿನೊನ ಡಬ್ಬಿ ಹಿಡಿದು
ಅಲ್ಲಾಡಿಸಿತು, ಅಲ್ಲಾಡಿಸಿತು,
ಸದ್ದು ಬರಲಿಲ್ಲವೆಂದು ಸಿಟ್ಟಾಯಿತು.