ಒಬ್ಬರು ಹೆಚ್ಚು

ನಾಳೆ ಮಧ್ಯಾಹ್ನ ದಾಬೋಳಿಯಿಂದ ವಿಮಾನ.
ಇವತ್ತು ಸಂಜೆ ಬೈತಖೋಲದ ನಮ್ಮ ಓಣಿಯಲ್ಲಿ
ಮುಂಬಯಿ ಇಳಿದ ಮೇಲಿನ ಮಾತು.

ಹಾರುವುದು ಒಂದು ತಾಸು, ಅದರ ಚಿಂತೆ ಯಾರಿಗೂ ಇಲ್ಲ.
ಟಿಕೆಟು ತೆಗೆಸಿದವಳು ನಾದಿನಿ ಪ್ರಮೀಳಾ.
ಇಳಿದಲ್ಲಿಂದ ಭಾಂಡುಪಕ್ಕೆ,
ಅವಳ ಮೂರನೇ ಮಾಳಿಗೆಗೆ
ಹೋಗುವುದು ಹೇಗೆ?

"ಬಸ್ಸು ಅಗ್ಗ" ಅಂದಳು ಐಸ್ ಫ್ಯಾಕ್ಟರಿಯ ಸುಮಿತ್ರಾ.
ಎಷ್ಟನೇ ನಂಬರಿನದ್ದು ಅಂದರೆ, ನೆನಪಿಲ್ಲ.
"ಮೆಟ್ರೊ ಹತ್ತಿ, ಘಾಟಕೋಪರಲ್ಲಿ ಲೋಕಲ್ ಹಿಡೀರಿ"
ಮಗಳು ಶ್ರೇಷ್ಠಾ, ಮೊಬೈಲಿನಿಂದ ತಲೆ ಎತ್ತದೆ.
ಕಗ್ಗತ್ತಲಲ್ಲೂ ಬೋಟನ್ನು ದಡಕ್ಕೆ ತರುವ ನನ್ನ ಗಂಡ ರೋಹಿದಾಸ
"ಕೌಂಟರಿನಲ್ಲಿ ದುಡ್ಡು ಕಟ್ಟಿದರೆ ಟ್ಯಾಕ್ಸಿ, ಮೋಸವಿಲ್ಲ" ಎಂದು
ಮೂರು ಸಲ ಹೇಳಿದ,
ಮೂರನೆಯ ಸಲ ನನ್ನ ಮುಖ ನೋಡಿ.

ಇನಾಸಣ್ಣ ಹನ್ನೊಂದು ವರ್ಷ ಅಲ್ಲಿ ಟ್ಯಾಕ್ಸಿ ಓಡಿಸಿ ಬಂದವನು.
ಮಾತಾಡಲಿಲ್ಲ.
ತನ್ನ ಹಳೇ ಆಲ್ಟೋ ತಂದು ಬಾಗಿಲೆದುರು ನಿಲ್ಲಿಸಿದ,
ಡಿಕ್ಕಿ ತೆಗೆದ,
ನಮ್ಮ ಅಡಿಗೆಮನೆಯ ಖಾಲಿ ಸಿಲಿಂಡರ್ ಎತ್ತಿ ತಂದು
ಅದರೊಳಗೆ ಅಡ್ಡ ಮಲಗಿಸಿದ.
"ಅಲ್ಲಿಯ ಗಾಡಿಗಳ ಹೊಟ್ಟೆಯಲ್ಲಿ ಇದು ಇರ್ತದೆ.
ಈಗ ತುಂಬಿ."

ತುಂಬಿದೆವು.
ಚಕ್ರದ ಸೂಟ್‌ಕೇಸು ಎರಡು, ಒಂದಕ್ಕೆ ಮೂರೇ ಚಕ್ರ.
ಕುಚ್ಚಲಕ್ಕಿ ಹತ್ತು ಕಿಲೋ.
ಅಂಕೋಲೆಯ ಇಶಾಡ ಮಾವು ಒಂದು ರಟ್ಟಿನ ಪೆಟ್ಟಿಗೆ,
ಮೂಗಿಗೆ ಮೊದಲು ಅದೇ ಸಿಗುವ ಹಾಗೆ,
ಯಾಕೆಂದರೆ ಜೊತೆಗೆ ಒಣ ಶೆಟ್ಲಿ.
ನಾಲ್ಕು ಪ್ಲಾಸ್ಟಿಕ್ಕು, ಮೇಲೆ ಹಳೇ ಲುಂಗಿ, ಮತ್ತೆ ಪ್ಲಾಸ್ಟಿಕ್ಕು,
ಆದರೂ ಓಣಿಯ ಮೂರು ಬೆಕ್ಕು ಬಂದು
ಸಾಲಾಗಿ ಕೂತವು.

ಅತ್ತೆ ಮುಂದೆ, ಕಾಲು ಚಾಚಬೇಕು.
ಹಿಂದೆ ಗಂಡ, ಮಗಳು, ಮಗ ಪ್ರಣೀತ,
ಅವನ ತೊಡೆಯ ಮೇಲೆ ಅಕ್ಕಿ.
ಬಾಗಿಲು ಹಾಕಿಯಾಯಿತು.
ನಾನು ಹೊರಗೆ, ಶೆಟ್ಲಿಯ ಗಂಟು ಹಿಡಿದು.

ಎಲ್ಲರೂ ಗಾಜಿನಾಚೆಯಿಂದ ನನ್ನನ್ನೇ ನೋಡಿದರು,
ಲೆಕ್ಕ ತಪ್ಪಿಸಿದವಳು ನಾನೇ ಎನ್ನುವಂತೆ.

ದೊಡ್ಡ ಗಾಡಿಗೆ ಎಷ್ಟಾದೀತು?
ಇನಾಸಣ್ಣ ಹೇಳಿದ.
ದೇವಗಡದ ದೀಪ ಆಗಷ್ಟೇ ತಿರುಗತೊಡಗಿತ್ತು,
ರೋಹಿದಾಸ ಅದನ್ನೇ ನೋಡುತ್ತ ಕೂತ.

"ನಾನು ಮೆಟ್ರೊದಲ್ಲಿ ಬರ್ತೇನೆ."
"ಒಬ್ಬಳೇ?"
"ಶ್ರೇಷ್ಠಾ ಬರೆದು ಕೊಡ್ತಾಳೆ."
ಎಷ್ಟು ಬೇಗ ಹೇಳಿಬಿಟ್ಟೆ ಎಂದರೆ
ಹೇಳಿದ ಮೇಲೆ ಕಿವಿ ಬಿಸಿಯಾಯಿತು.

ಹದಿನಾರು ವರ್ಷದಲ್ಲಿ ನಾನು ಒಬ್ಬಳೇ ಹೋದದ್ದು
ಮಾರ್ಕೆಟ್ಟಿಗೆ, ಬ್ಯಾಂಕಿಗೆ, ಒಮ್ಮೆ ಕುಮಟೆಗೆ ಹಲ್ಲು ಕೀಳಿಸಲು.
ಹೋದಲ್ಲೆಲ್ಲ ಫೋನು: ಟವೆಲ್ ಎಲ್ಲಿ, ಉಪ್ಪು ಎಲ್ಲಿ,
ನೀನು ಎಲ್ಲಿ.
ಗೊತ್ತಿಲ್ಲದ ಊರಿನ ನಡುವೆ ಒಂದು ತಾಸು
ಯಾರ ಸೊಸೆಯೆಂದೂ ತಿಳಿಯದವರ ಸಾಲಿನಲ್ಲಿ
ಸುಮ್ಮನೆ ಕೂತು ಹೋಗುವುದು.
ಇದನ್ನು ಹೇಳಲಿಲ್ಲ. ಖರ್ಚು ಉಳಿಯುತ್ತದೆ ಎಂದೆ.

ಅತ್ತೆ ಗಾಜು ಇಳಿಸಿದಳು.
ಬುಟ್ಟಿ ಹೊತ್ತು ಕೋಡಿಬಾಗದವರೆಗೆ
ಒಬ್ಬಳೇ ನಡೆದು ಮೀನು ಮಾರಿದವಳು,
ನನ್ನನ್ನು ಕಾಲಿನಿಂದ ತಲೆಯವರೆಗೆ ಅಳೆದು ನೋಡಿದಳು.
"ಕಿಟಕಿ ಪಕ್ಕ ಕೂತ್ಕೊ.
ಗಂಟು ಕಾಲಡಿ ಇಡು.
ಯಾರಾದ್ರೂ ಮೂಗು ಮುಚ್ಚಿದ್ರೆ ನೀನೂ ಮುಚ್ಚು."

ಸಿಲಿಂಡರ್ ಒಳಗೆ ಹೋಯಿತು, ಬೆಕ್ಕು ಹೋಗಲಿಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ
ಮಗಳು ಬರೆದ ಚೀಟಿ ಬಿಡಿಸಿದೆ.
ಮರೋಳ, ಸಾಕಿನಾಕಾ, ಅಸಲ್ಫಾ,
ಜಾಗೃತಿನಗರ.
ನಿಲ್ದಾಣಕ್ಕೆ ಇದೆಂಥ ಹೆಸರು!
ಗಂಟೆ ಎರಡೂವರೆ.
ಇಲ್ಲಿಯವರೆಗೆ ಬಂದೆ,
ಮುಂದಿನದು ಘಾಟಕೋಪರ.