ಎಂಬತ್ತೆಂಟಕ್ಕೆ ಮೂವತ್ತೊಂದು

ಅಗಲ ಎಂಬತ್ತೆಂಟು ಚುಕ್ಕಿ, ಎತ್ತರ ಮೂವತ್ತೊಂದು.
ಇಷ್ಟರೊಳಗೆ ಒಂದು ಅಂಗಡಿ ಹಿಡಿಸಬೇಕು,
ಅಂಗಡಿಯೊಳಗೆ ಈನಿಡ್ ಸ್ವಿಂಡೆಲ್ಸ್,
ಅವಳ ಬೆನ್ನಿಗೆ ನೂರಾ ಹದಿನಾರು ಬಿಸ್ಕತ್ತಿನ ಡಬ್ಬಿ,
ಡಬ್ಬಿ ತುಂಬ ಜೋಡಿ ತಪ್ಪಿದ ಗುಂಡಿ.

ಮ್ಯಾಕಲ್ಸ್‌ಫೀಲ್ಡಿನ ಏರುಬೀದಿ.
ಸ್ಟೇಷನ್ನಿನಿಂದ ಹತ್ತಿ ಬಂದವರು ಸೊಂಟಕ್ಕೆ ಕೈಯಿಟ್ಟು
ನಿಲ್ಲುವ ತಿರುವಿನಲ್ಲೇ ಅವಳ ಕಿಟಕಿ.
"ಉಸಿರು ಸುಧಾರಿಸಿಕೊಳ್ಳೋವಾಗ ನೋಡ್ತಾರೆ,
ಉಸಿರು ಬಂದಮೇಲೆ ಹೋಗ್ತಾರೆ."
ಅದಕ್ಕೇ ಒಂದು ವೆಬ್‌ಸೈಟು, ಯಾರೋ ಅರ್ಧ ಕಟ್ಟಿ ಬಿಟ್ಟದ್ದು.
ವಾರಕ್ಕೆ ಏಳು ಭೇಟಿ;
ಏಳರಲ್ಲಿ ನಾಲ್ಕು ನನ್ನವೇ.

ಕಾಲುವೆ ದೋಣಿಯವರು, ಚರ್ಚಿನ ಗಂಟೆ ಬಾರಿಸುವವರು,
ಗುರುವಾರದ ಹೆಣಿಗೆ ಮಂದಿ
ತಮ್ಮ ತಮ್ಮ ಸೈಟಿನಲ್ಲಿ ಒಂದೊಂದು ಮೂಲೆ ಕೊಟ್ಟಿದ್ದಾರೆ.
ಬಾಡಿಗೆ ಇಲ್ಲ;
ಅವರ ಗುಂಡಿ ಇವಳ ಗೋಡೆಗೆ, ಇವಳದು ಅವರದಕ್ಕೆ.

ಮೊದಲು ಬ್ಯಾನರು. ನಾನೂರ ಅರವತ್ತೆಂಟಕ್ಕೆ ಅರವತ್ತು,
ಬಾಗಿಲಿಲ್ಲದ ತೋರಣದ ಅಳತೆ.
ಮಿನುಗಿಸಿದೆ: ಕೆಂಪು, ಹಳದಿ, ಮತ್ತೆ ಕೆಂಪು.
ಕನ್ನಡಕ ಹಣೆಗೇರಿಸಿ ನೋಡಿದಳು.
"ಕಣ್ಣು ಹೊಡೆಯೋ ಅಂಗಡಿಗೆ ನಾನಾದರೆ ಹೋಗಲ್ಲ."
ಮಿನುಗು ತೆಗೆದೆ. "ಈ ಹಸಿರು ಆಸ್ಪತ್ರೆಯದು." ಹಸಿರು ತೆಗೆದೆ.
"ಅಗ್ಗ ಅಂತ ಬರೀಬೇಡ, ಅಗ್ಗ ಅಲ್ಲ." ಅಳಿಸಿದೆ.
"ಅಪರೂಪ ಅಂತಲೂ ಬೇಡ. ಅಂಥದ್ದೇನಿದೆ ಇಲ್ಲಿ?"
ಕೊನೆಗೆ ಉಳಿದದ್ದು ಕಂದು ಪಟ್ಟಿ, ಎಡಕ್ಕೊಂದು ಡಬ್ಬಿ,
ಒಂದೇ ಸಾಲು:
ನಿಮ್ಮದರಲ್ಲಿ ಒಂದು ಕಳೆದಿದೆಯೆ?

ಗುಂಡಿ ಮಾಡಿದ್ದು ರಾತ್ರಿ, ಗೋದಾಮಿನ ಪಾಳಿ ಮುಗಿಸಿ ಬಂದು.
ಎಂಟು ಪಟ್ಟು ಹಿಗ್ಗಿಸಿದರೆ ಚುಕ್ಕಿ ಚೌಕವಾಗುತ್ತದೆ,
ಒಂದೊಂದೇ ತುಂಬಬೇಕು,
ರಂಗೋಲಿಯಲ್ಲ ಇದು, ಎಳೆ ಎಣಿಸಿ ಹಾಕುವ ಕಸೂತಿ.
ಮೇಲಂಚಿಗೆ ಬಿಳಿ ಗೆರೆ, ಕೆಳಗೆ ಕಪ್ಪು:
ಅಷ್ಟಕ್ಕೇ ಉಬ್ಬಿ ನಿಲ್ಲುತ್ತದೆ, ಒತ್ತು ಎನ್ನುತ್ತದೆ.
ಅದಲುಬದಲು ಮಾಡಿದರೆ ಅದೇ ತಗ್ಗು.
ನಮ್ಮ ಮಾತೇನು ದಡ್ಡದಲ್ಲ.
ಅಂಗಿಯದೂ ಗುಂಡಿ, ರಸ್ತೆಯದೂ ಗುಂಡಿ;
ಬೆಳಕು ಯಾವ ಕಡೆಯಿಂದ ಬಿತ್ತು, ಅದೊಂದೇ ಲೆಕ್ಕ.

ಬೆಟಗೇರಿಯಲ್ಲಿ ಅವ್ವ ಕಾಜಾ ಹೊಲಿಯುತ್ತಿದ್ದಳು,
ಡಜನ್ ಅಂಗಿಗೆ ಆರು ರೂಪಾಯಿ. ಗುಂಡಿ ಹಚ್ಚುವುದು ನಾನು:
ನಾಲ್ಕು ತೂತಿಗೆ ಎರಡೆರಡು ಸಲ,
ಕೆಳಗೆ ಕುತ್ತಿಗೆಗೆ ಮೂರು ಸುತ್ತು.
"ಕಾಜಾ ಇಲ್ಲದ ಗುಂಡಿ ಯಾತಕ್ಕ ಬಂತು? ಹಣೀಗೆ ಹಚ್ಕೋ!"
ನಗುತ್ತಿದ್ದಳು, ದಾರವನ್ನು ಹಲ್ಲಿನಿಂದ ಕಡಿಯುತ್ತ.
ಇಲ್ಲಿ ಕಾಜಾ ಎಂದರೆ ಒಂದು ಸಾಲು ವಿಳಾಸ,
ಒಂದಕ್ಷರ ತಪ್ಪಿದರೆ ಸೇರದು.
ತಪ್ಪಿತ್ತು.
ಮೂರು ದಿನ ಗಂಟೆ ಬಾರಿಸುವವರು ಒತ್ತಿ ಒತ್ತಿ
ಯಾವುದೋ ಬಚ್ಚಲು ಟೈಲ್ಸಿನ ಅಂಗಡಿಗೆ ಹೋಗಿ ಬಿದ್ದರಂತೆ.
ಒಬ್ಬರು ಕೊಂಡೂ ಬಿಟ್ಟರಂತೆ.

"ದಾರ ಎಲ್ಲಿದೆ ಇದಕ್ಕೆ?" ಈನಿಡ್ ಕೇಳಿದಳು.
ಸಾಲು ತೋರಿಸಿದೆ. ಅದು ಬಿಟ್ಟು, ಮೂಗು ಪರದೆಗೆ ತಾಗುವಂತೆ ಬಗ್ಗಿ
ತೂತು ಎಣಿಸಿದಳು. ನಾಲ್ಕು. ಒಂದೊಂದೂ ಎರಡಕ್ಕೆರಡು ಚುಕ್ಕಿ.
"ಇದು ಓರೆ."
ಹೌದು, ಒಂದೇ ಒಂದು ಚುಕ್ಕಿಯಷ್ಟು.
ಸರಿಪಡಿಸಿದೆ. ಮತ್ತೆ ನೋಡಿ, ಅರೆಗಳಿಗೆ ಸುಮ್ಮನಿದ್ದು,
"ಓರೆಯೇ ಇರಲಿ," ಎಂದಳು, "ಕೈಯಲ್ಲಿ ಮಾಡಿದ ಹಾಗಿತ್ತು."

ಕೂಲಿ ಇಪ್ಪತ್ತು ಪೌಂಡು. ಮತ್ತೆ ನನ್ನ ಕೋಟು ನೋಡಿ
ಎಪ್ಪತ್ತೊಂದನೆಯ ಡಬ್ಬಿಯಿಂದ ಒಂದು.
ಮೇಲಿನಿಂದ ಎರಡನೆಯದು ಎರಡು ಚಳಿಗಾಲದಿಂದ ಇರಲಿಲ್ಲ.
ಬಣ್ಣ ಹೊಂದುವುದಿಲ್ಲ, ಅಳತೆ ಹೊಂದುತ್ತದೆ.
ಬಸ್ಸು ಕಾಯುತ್ತ ಹಚ್ಚಿಕೊಂಡೆ, ಕುತ್ತಿಗೆಗೆ ಮೂರು ಸುತ್ತು,
ದಾರ ಹಲ್ಲಿನಿಂದಲೇ ಕಡಿದೆ.
ಇದನ್ನು ಒತ್ತಿದರೆ ಯಾವ ಅಂಗಡಿಯೂ ತೆರೆಯುವುದಿಲ್ಲ;
ಗುಂಡಿಗೆಯ ಮೇಲೆ ನೆಟ್ಟಗೆ ಕೂತು
ಪೆನೈನ್ ಬೆಟ್ಟದ ಗಾಳಿಗೆ ಬಾಗಿಲು ಹಾಕುತ್ತದೆ, ಅಷ್ಟೆ.

ಬಸ್ಸು ಹೊರಟ ಮೇಲೆ ನೆನಪಾಯಿತು,
ಬುಧವಾರ ರಜೆ ಅಂತ ಬ್ಯಾನರಿನಲ್ಲಿ ಹಾಕಿಯೇ ಇಲ್ಲ.